ಮುಖ ಒಂದೇ ಕಡೆ ಸೊಟ್ಟಗಾದ್ರೆ ಮೊದ್ಲು ಹಣೆ ನೋಡಿ

ನಮ್ ಚಿಕ್ಕಮ್ಮ ಬೆಳಿಗ್ಗೆ ಬಾಯಿ ಮುಕ್ಕಳಿಸ್ವಾಗ ನೀರೆಲ್ಲ ಎಡಗಡೆಯಿಂದ ಸೋರ್ತಿತ್ತು, ಕನ್ನಡಿ ನೋಡ್ಕೊಂಡ್ರೆ ಎಡಗಣ್ಣು ಮುಚ್ತಾನೇ ಇಲ್ಲ. ಲಕ್ವ ಹೊಡೀತು ಅಂತ ಮನೆಯವ್ರೆಲ್ಲ ಗಾಬರಿ, ಪಕ್ಕದ್ಮನೆಯವ್ರು ಗಾಳಿ ಸೋಕಿದೆ ನಾಟಿ ಔಷಧಿ ಕೊಡ್ಸಿ ಅಂದ್ರು. ಆಮೇಲೆ ಗೊತ್ತಾಯ್ತು ಅದು ಬೆಲ್ಸ್ ಪಾಲ್ಸಿ, ಅಂದ್ರೆ ಮುಖದ ನರ ಸೋತು ಒಂದ್ಕಡೆ ಮುಖ ಆಡದಿರೋದು. ಮುಖ ಆಡಿಸೋ ಏಳನೇ ನರ ಕಿವಿ ಹತ್ರ ಮೂಳೆಯೊಳಗಿನ ಸಣ್ಣ ದಾರೀಲಿ ಬರುತ್ತೆ, ಅಲ್ಲಿ ಊದ್ಕೊಂಡ್ರೆ ನರ ಅದುಮಿ ಹೋಗುತ್ತೆ, ಅದಕ್ಕೇ ಕೆಲವ್ರಿಗೆ ಕಿವಿ ಹಿಂದೆ ನೋವು ಬರೋದು, ನಾಲಿಗೆ ರುಚಿ ಕಮ್ಮಿಯಾಗೋದು.

ಇದು ಸ್ಟ್ರೋಕಾ (ಲಕ್ವ) ಬೆಲ್ಸ್ ಪಾಲ್ಸೀನಾ ಅಂತ ನೋಡೋಕೆ ಹುಬ್ಬು ಮೇಲೆತ್ತೋಕೆ ಹೇಳಿ. ಸ್ಟ್ರೋಕಲ್ಲಿ ಸಾಮಾನ್ಯವಾಗಿ ಬಾಯಿ ಮಾತ್ರ ಸೊಟ್ಟಗಾಗುತ್ತೆ, ಹಣೆ ಎರಡೂ ಕಡೆ ಸುಕ್ಕಾಗುತ್ತೆ, ಯಾಕಂದ್ರೆ ಹಣೆಗೆ ಮೆದುಳಿನ ಎರಡೂ ಭಾಗದಿಂದ ಸಿಗ್ನಲ್ ಬರುತ್ತೆ. ಬೆಲ್ಸ್ ಪಾಲ್ಸೀಲಿ ಆ ಕಡೆ ಹಣೇನೂ ಅಲ್ಲಾಡಲ್ಲ. ಆದ್ರೆ ಇದೊಂದನ್ನೇ ನಂಬ್ಕೊಂಡು ಮನೇಲಿ ಕೂರ್ಬೇಡಿ. ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ನಡಿಯೋಕೆ ಆಗ್ದಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ, ಸ್ಟ್ರೋಕ್ ಶುರುವಾದ್ಮೇಲೆ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅಷ್ಟೇ ಟೈಮಿರೋದು.

ಅದೇನೂ ಇಲ್ಲ, ಮುಖ ಮಾತ್ರ ಅಂದ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರು ಮಾಡಿದ್ರೆ ನರ ಪೂರ್ತಿ ಸರಿಹೋಗೋ ಚಾನ್ಸ್ ಜಾಸ್ತಿ. ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ, ಶುಗರ್ ಇದ್ರೆ ಏರುತ್ತೆ, ಬಸುರಿ ಆಗಿದ್ರೂ ಮೊದ್ಲೇ ಹೇಳಿ. ಕಿವೀಲಿ ನೀರ್ಗುಳ್ಳೆ ಎದ್ದಿದ್ರೆ ತೋರಿಸಿ, ಅದು ಸರ್ಪಸುತ್ತಿನ ವೈರಸ್ ಇರಬಹುದು, ಅದಕ್ಕೆ ಬೇರೆ ಮಾತ್ರೆನೂ ಬೇಕು.

ಎಲ್ರೂ ಮರೆಯೋದು ಕಣ್ಣನ್ನ. ರೆಪ್ಪೆ ಮುಚ್ಚದಿದ್ರೆ ಕಣ್ಣು ಒಣಗಿ ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ಹುಣ್ಣಾಗಬಹುದು, ಮುಖ ಸರಿಹೋದ್ರೂ ದೃಷ್ಟಿ ವಾಪಸ್ ಬರದೇ ಇರಬಹುದು. ಡಾಕ್ಟರ್ ಬರ್ಕೊಟ್ಟ ಕಣ್ಣೀರಿನ ಡ್ರಾಪ್ಸ್ ಹಗಲೆಲ್ಲ ಆಗಾಗ ಹಾಕ್ತಿರಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಪೂರ್ತಿ ಮುಚ್ಚಿ ಟೇಪ್ ಅಂಟಿಸಿ (ಬರೀ ಹತ್ತಿ ಇಟ್ರೆ ಕಣ್ಣು ಒಳಗೇ ತೆರ್ಕೊಂಡು ಹತ್ತಿ ಉಜ್ಜುತ್ತೆ, ಹಾಗೆ ಮಾಡ್ಬೇಡಿ), ಗಾಡೀಲಿ ಹೋಗ್ವಾಗ ಕನ್ನಡಕ ಇರ್ಲಿ. ಕಣ್ಣು ಕೆಂಪಾಗಿ ನೋವು ಬಂದ್ರೆ ಅದೇ ದಿನ ಕಣ್ಣಿನ ಡಾಕ್ಟರ್.

ಊಟ ಮಾಡಿದ್ಮೇಲೆ ಆ ಕಡೆ ಕೆನ್ನೆಯೊಳಗೆ ಅನ್ನ ಸಿಕ್ಕೊಂಡಿರುತ್ತೆ, ಬೆರಳಲ್ಲಿ ತೆಗೆದು ಬಾಯಿ ತೊಳೀಬೇಕು.

ಚಿಕ್ಕಮ್ಮಂಗೆ ಮೂರನೇ ವಾರ ತುಟಿ ಸ್ವಲ್ಪ ಅಲ್ಲಾಡ್ತು, ಪೂರ್ತಿ ನಗೋಕೆ ನಾಲ್ಕು ತಿಂಗಳು ಬೇಕಾಯ್ತು. ಜಾಸ್ತಿ ಜನಕ್ಕೆ ಹಿಂಗೇ ವಾಸಿಯಾಗುತ್ತೆ, ಆದ್ರೆ 3 ವಾರ ಕಳೆದ್ರೂ ಒಂಚೂರೂ ಚಲನೆ ಕಾಣ್ದಿದ್ರೆ ನರರೋಗ ತಜ್ಞರಿಗೆ ತೋರ್ಸಿ.