ಪವರ್ ಸಪ್ಲೈ ಒಂದು ಬ್ರ್ಯಾಂಡು, ಸ್ಟ್ರೋಬ್ ಹೆಡ್ ಇನ್ನೊಂದು: ನನ್ನ ಅನುಭವ

ನನ್ ವಿಮಾನದ ರೆಕ್ಕೆ ತುದೀಲಿ ಮಿನುಗೋ ಸ್ಟ್ರೋಬ್ ದೀಪಕ್ಕೆ ಎರಡು ಭಾಗ: ಹೈ ವೋಲ್ಟೇಜ್ ಕೊಡೋ ಪವರ್ ಸಪ್ಲೈ ಡಬ್ಬಿ, ಫ್ಲಾಶ್ ಹೊಡೆಯೋ ಹೆಡ್ಡು. "ಬೇರೆ ಬೇರೆ ಕಂಪನಿದು ಸೇರಿಸಿದ್ರೆ ಸುಟ್ಟೋಗತ್ತೆ, ಸುಮ್ನೆ ಪೂರ್ತಿ ಸೆಟ್ ತಗೋ" ಅಂತ ನಾನು ಕೇಳಿದವರೆಲ್ಲ ಹೇಳಿದ್ರು. ನನ್ ಹತ್ರ ಹಳೇ ಪವರ್ ಸಪ್ಲೈ ಇತ್ತು, ರೆಕ್ಕೆ ತುದಿಗೆ ಅಚ್ಚುಕಟ್ಟಾಗಿ ಕೂರೋ ಎರಡು ಹೆಡ್ಡು ಬೇರೆ ಬ್ರ್ಯಾಂಡಿಂದು ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿದ್ವು. ಅದೇ ಜೋಡಿ ಹಾಕ್ಕೊಂಡು ಈಗ 60 ಗಂಟೆ ಹತ್ರ ಹಾರಿದೀನಿ.

ಮೊದಲ ಸಲ ಸರಿಯಾಗೇ ಪೆಟ್ಟು ತಿಂದೆ. ಎರಡರದ್ದೂ 3 ಪಿನ್ ಕನೆಕ್ಟರ್, ಟಕ್ ಅಂತ ಕೂತ್ಕೊಳ್ತು, ಅಷ್ಟಕ್ಕೇ ನಂಬಿ ಆನ್ ಮಾಡ್ದೆ, ಫ್ಲಾಶೂ ಬಂತು. ಕಾಲು ಗಂಟೇಲಿ ಹೆಡ್ ಒಳಗಿನ ಫ್ಲಾಶ್ ಟ್ಯೂಬಿನ ಒಂದು ತುದಿ ಲಾಟೀನ್ ಗಾಜಿಗೆ ಮಸಿ ಹಿಡ್ದಂಗೆ ಕಪ್ಪಾಯ್ತು. ಪಿನ್ ಆರ್ಡರ್ ಬೇರೆ, ಆನೋಡ್ ಕ್ಯಾಥೋಡ್, ಅಂದ್ರೆ ಟ್ಯೂಬಿನ ಪ್ಲಸ್ ಮೈನಸ್ ತುದಿ, ಅದಲುಬದಲು. ಹೊಸ ಟ್ಯೂಬ್ ಒಂದಕ್ಕೇ ಎರಡೂ ಹೆಡ್ಡಿಗೆ ಕೊಟ್ಟಷ್ಟು ದುಡ್ಡು ಹೋಯ್ತು. ವೈರ್ ಬಣ್ಣ ನೋಡಿ ನಂಬ್ಬೇಡಿ, ಹೆಡ್ ಬಿಚ್ಚಿ ಟ್ಯೂಬಿನ ತನಕ ಮೀಟರ್ ಹಿಡೀರಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಸಪ್ಲೈಲಿ ಚಾರ್ಜ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ವೋಲ್ಟೇಜ್ ಇಳಿದಿದೆಯಾ ಅಂತ ನೋಡ್ಕೊಂಡೇ ಕೈ ಹಾಕಿ, ನಂದು 400 ವೋಲ್ಟ್ ಆಸುಪಾಸು, ಜೀವ ತೆಗೆಯತ್ತೆ.

ಆಮೇಲೆ ಟೇಬಲ್ ಮೇಲೆ ಚೆನ್ನಾಗಿ ಹೊಡೀತಿದ್ದಿದ್ದು ರೆಕ್ಕೆಗೆ ಹಾಕಿದ್ಮೇಲೆ ನಾಲ್ಕಕ್ಕೊಂದು ತಪ್ಪಕ್ಕೆ ಶುರುವಾಯ್ತು. ಎರಡು ವಾರ ಕೇಬಲ್, ಕ್ರಿಂಪು, ಅರ್ಥಿಂಗು ಅಂತ ಒದ್ದಾಡಿದೆ, ಕೊನೆಗೆ ನೋಡಿದ್ರೆ ಹೆಡ್ ಒಳಗಿನ ಟ್ರಿಗರ್ ಕಾಯಿಲ್ (ಟ್ಯೂಬಿಗೆ ಕಿಡಿ ಕೊಟ್ಟು ಫ್ಲಾಶ್ ಶುರು ಮಾಡೋದು) ಈ ಸಪ್ಲೈ ಕೊಡೋ ಪಲ್ಸಿಗೆ ಹೊಂದ್ತಿರ್ಲಿಲ್ಲ. ಸಪ್ಲೈ ಬ್ರ್ಯಾಂಡಿನದೇ ಒಂದು ಕೆಟ್ಟ ಹೆಡ್ಡಿಂದ ಕಾಯಿಲ್ ಕಿತ್ತು ಇದಕ್ಕೆ ಹಾಕ್ದೆ, ಅವತ್ತಿಂದ ಒಂದು ಫ್ಲಾಶೂ ತಪ್ಪಿಲ್ಲ. ಆ ಇಕ್ಕಟ್ಟಲ್ಲಿ ಅದನ್ನ ಹೆಂಗೆ ಕೂರಿಸ್ದೆ ಅನ್ನೋದು ಮಾತ್ರ ನನ್ ಹತ್ರಾನೇ ಇರ್ಲಿ.

ಜೂಲ್ಸ್ ಲೆಕ್ಕ, ಅಂದ್ರೆ ಒಂದೊಂದು ಫ್ಲಾಶಿಗೆ ಹೋಗೋ ಶಕ್ತಿ ಎಷ್ಟು ಅನ್ನೋದು, ಮರೀಬೇಡಿ. ನನ್ ಕೆಪಾಸಿಟರ್ 220 ಮೈಕ್ರೋಫ್ಯಾರಡ್ ಇರ್ಬೇಕು, ಅಂದ್ರೆ ಫ್ಲಾಶಿಗೆ 17-18 ಜೂಲ್, ಹೆಡ್ಡು ಅಷ್ಟು ತಡೆಯತ್ತೆ. ನಡುವೆ ಕ್ಯಾಮೆರಾ ಫ್ಲಾಶ್ ಟ್ಯೂಬ್ ಹಾಕಿ ನೋಡೋ ಹುಚ್ಚು ಬೇರೆ ಹತ್ತಿತ್ತು, ಯಾವಾಗ್ಲೋ ಒಂದ್ಸಲ ಹೊಡೆಯೋದಕ್ಕೆ ಮಾಡಿದ್ದು ನಿಮಿಷಕ್ಕೆ ಐವತ್ತು ಸಲ ಹೊಡೆದ್ರೆ ಇನ್ನೇನಾಗತ್ತೆ, ಬಿಸಿಗೆ ಗಾಜೇ ಸೀಳ್ತು.

ಹೆಡ್‌ಸೆಟ್ಟಲ್ಲಿ ಟಿಕ್ ಟಿಕ್ ಬರ್ತಿತ್ತು, ಯಾಕಂದ್ರೆ ಕೇಬಲ್ ಶೀಲ್ಡ್ (ವೈರ್ ಸುತ್ತಿನ ಲೋಹದ ಹೊದಿಕೆ) ಎರಡೂ ಕಡೆ ಗ್ರೌಂಡ್ ಮಾಡಿದ್ದೆ. ಹೆಡ್ ಕಡೇದು ಬಿಚ್ಚಿ ಸಪ್ಲೈ ಕಡೆ ಮಾತ್ರ ಬಿಟ್ಟೆ, ನಿಂತೋಯ್ತು. ಸುಟ್ಟ ಟ್ಯೂಬ್ ಸೇರಿಸಿದ್ರೂ ಖರ್ಚು ಹೊಸ ಸೆಟ್ಟಿನ ಅರ್ಧ ದಾಟಿಲ್ಲ. ಸುಟ್ಟೋಗತ್ತೆ ಅಂದವರಲ್ಲೇ ಒಬ್ರು ಹೋದ್ ವಾರ ತಮ್ಮ ಹೆಡ್ ಹಿಡ್ಕೊಂಡು ಹ್ಯಾಂಗರಿಗೆ ಬಂದಿದ್ರು.