ಗಾಜಿನೊಳಗೆ ಹರಳು ಎಲ್ಲಿ ಹುಟ್ಟುತ್ತದೆ? ಸ್ವಲ್ಪ ಫಾಸ್ಫೇಟ್ ಹಾಕಿ ನೋಡಿ

ಗ್ಲಾಸ್-ಸೆರಾಮಿಕ್ (ಗಾಜನ್ನು ಮತ್ತೆ ಕಾಯಿಸಿ ಒಳಗೆ ಸಣ್ಣ ಹರಳು ಬೆಳೆಸಿದ ವಸ್ತು) ಮೇಲೆ ಪ್ರಾಜೆಕ್ಟ್ ಮಾಡುವ ತುಂಬಾ ಜನ ಮೊದಲ ಬ್ಯಾಚಿಗೇ ನಾಲ್ಕೈದು ಆಕ್ಸೈಡ್ ಸುರಿದು, ಆಮೇಲೆ ಯಾವುದರಿಂದ ಏನಾಯಿತು ಅಂತ ತಿಳಿಯದೆ ಒದ್ದಾಡುತ್ತಾರೆ. ಹಾಗೆ ಮಾಡಬೇಡಿ. ಲಿಥಿಯಮ್ ಡೈಸಿಲಿಕೇಟ್ ಗಾಜು ತೆಗೆದುಕೊಳ್ಳಿ, ಒಂದೇ ಒಂದು ಪದಾರ್ಥ ಬದಲಿಸಿ. ಹಲ್ಲಿನ ಕೆಲವು ಕ್ರೌನ್ ಮಾಡುವುದೂ ಇದೇ ಜಾತಿಯ ವಸ್ತುವಿನಿಂದ.

100 ಗ್ರಾಂ ಗಾಜಿಗೆ 80 ಗ್ರಾಂ ಸಿಲಿಕಾ ಪುಡಿ, 49 ಗ್ರಾಂ ಲಿಥಿಯಮ್ ಕಾರ್ಬೊನೇಟ್ ಬೇಕು. ಕಾಯಿಸುವಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಅದಕ್ಕೇ ತೂಕ ಜಾಸ್ತಿ ಇದೆ. ಮಾಸ್ಕ್ ಹಾಕಿಕೊಂಡೇ ಪುಡಿ ಮುಟ್ಟಿ. ಎರಡನೇ ಬ್ಯಾಚಿಗೆ ಇಷ್ಟರ ಜೊತೆ 4.6 ಗ್ರಾಂ ಲಿಥಿಯಮ್ ಫಾಸ್ಫೇಟ್ ಸೇರಿಸಿ. ಇದು 100 ಮೋಲ್ ಆಕ್ಸೈಡಿಗೆ 1 ಮೋಲ್ ಫಾಸ್ಫರಸ್ ಪೆಂಟಾಕ್ಸೈಡ್ ಸೇರಿಸಿದ ಲೆಕ್ಕ. ಅಮೋನಿಯಮ್ ಫಾಸ್ಫೇಟ್ ಯಾಕೆ ಬೇಡ? ಫಾಸ್ಫೇಟ್ ಗಾಜಿನಲ್ಲಿರುವ ಲಿಥಿಯಮ್ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಒಂದು ಮೋಲ್ ಪೆಂಟಾಕ್ಸೈಡಿಗೆ ಮೂರು ಮೋಲ್ ಲಿಥಿಯಮ್ ಆಕ್ಸೈಡ್ ಹೋಗುತ್ತದೆ. ಆಗ ನೀವು ಬದಲಿಸಿದ್ದು ಒಂದಲ್ಲ, ಎರಡು. ಲಿಥಿಯಮ್ ಫಾಸ್ಫೇಟ್ ಆದರೆ ಆ ಲಿಥಿಯಮ್ ಅನ್ನು ತಾನೇ ತಂದಿರುತ್ತದೆ.

ಪ್ಲಾಟಿನಮ್ ಕ್ರೂಸಿಬಲ್‌ನಲ್ಲಿ 1400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗಿಸಿ, ಬಿಸಿ ಮಾಡಿಟ್ಟ ಸ್ಟೀಲ್ ತಟ್ಟೆಗೆ ಸುರಿಯಿರಿ. ಅಲ್ಯುಮಿನಾ ಕ್ರೂಸಿಬಲ್ ಅಗ್ಗ, ನಿಜ. ಆದರೆ ಲಿಥಿಯಮ್ ಇರುವ ದ್ರವ ಅದರ ಗೋಡೆಯನ್ನೇ ಕೊರೆಯುತ್ತದೆ, ಕರಗಿದ ಅಲ್ಯುಮಿನಾ ಗಾಜಿಗೆ ಸೇರಿ ಹರಳಾಗುವುದನ್ನು ನಿಧಾನ ಮಾಡುತ್ತದೆ. ನೀವು ತೂಕ ಮಾಡಿ ಹಾಕದೇ ಇದ್ದ ಸೇರ್ಪಡೆ ಅದು!

ಅನೀಲ್ ಮಾಡುವಾಗಲೂ (ಒಳಗಿನ ಒತ್ತಡ ಹೋಗಲು ಗಾಜನ್ನು ಬಿಸಿಯಲ್ಲಿಟ್ಟು ನಿಧಾನವಾಗಿ ಆರಿಸುವಾಗ) ಹುಷಾರು. ಈ ಗಾಜಿನಲ್ಲಿ ಹರಳಿನ ಬೀಜ ಅತಿ ಬೇಗ ಹುಟ್ಟುವುದು 455 ಡಿಗ್ರಿ ಸುತ್ತಮುತ್ತ. ಅಲ್ಲಿ ಗಂಟೆಗಟ್ಟಲೆ ಇಟ್ಟರೆ ಪ್ರಯೋಗ ಶುರುವಾಗುವ ಮೊದಲೇ ಅರ್ಧ ಮುಗಿದಿರುತ್ತದೆ. 400 ಡಿಗ್ರಿಯಲ್ಲಿ ಇಟ್ಟು ನಿಧಾನವಾಗಿ ಆರಿಸಿ.

ಈಗ ಎರಡೂ ಗಾಜಿನಿಂದ ಒಂದೇ ದಪ್ಪದ ಕೆಲವು ತುಂಡು ಮಾಡಿಕೊಳ್ಳಿ. ನಿಮಿಷಕ್ಕೆ 10 ಡಿಗ್ರಿಯಂತೆ 620ಕ್ಕೆ ಏರಿಸಿ, ಹತ್ತು ಹತ್ತು ನಿಮಿಷಕ್ಕೆ ಜೋಡಿಜೋಡಿಯಾಗಿ ಹೊರಗೆ ತೆಗೆದು, ಪೂರ್ತಿ ಆರಿದ ಮೇಲೆ ಕನ್ನಡಕ ಹಾಕಿಕೊಂಡು ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಫಾಸ್ಫೇಟ್ ಇಲ್ಲದ್ದರಲ್ಲಿ ಅಂಚಿಗೆ ತೆಳುವಾದ ಬಿಳಿ ಸಿಪ್ಪೆ, ಒಳಗಿನ ತಿಳಿ ಗಾಜಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಫಾಸ್ಫೇಟ್ ಇರುವುದರಲ್ಲಿ ಅಂಚು, ನಡುವು ಅಂತ ಭೇದವೇ ಇಲ್ಲದೆ ಹಾಲಿನ ಛಾಯೆ ಹರಡಿರುತ್ತದೆ. ನನಗೆ ಈ ವಿಷಯ ನಿಜವಾಗಿ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಈ ಎರಡು ತುಂಡು ಅಕ್ಕಪಕ್ಕ ಇಟ್ಟಾಗ.

ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ದಾರ ಇಳಿಬಿಡುತ್ತಾರಲ್ವಾ, ಹರಳು ಆ ದಾರವನ್ನೇ ಹಿಡಿದು ಬೆಳೆಯುತ್ತದೆ. ಇಲ್ಲೂ ಫಾಸ್ಫೇಟ್ ಅತಿಸಣ್ಣ ಕಣಗಳಾಗಿ ಗಾಜಿನ ತುಂಬ ಬೇರೆಯಾಗುತ್ತದೆ, ಸಿಲಿಕೇಟ್ ಹರಳುಗಳು ಅವುಗಳ ಆಸರೆ ಹಿಡಿಯುತ್ತವೆ. ಆಸರೆ ಜಾಸ್ತಿ ಇದ್ದಷ್ಟೂ ಹರಳು ಸಣ್ಣದು, ವಸ್ತು ಗಟ್ಟಿ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯಲ್ಲಿ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಅವರ ಫರ್ನೇಸ್ 600ರ ಬದಲು 900 ಡಿಗ್ರಿಗೆ ಹೋದಾಗ ಅವರ ಲಿಥಿಯಮ್ ಸಿಲಿಕೇಟ್ ಗಾಜು ಕರಗಿ ಹರಿಯದೆ ಬಿಳಿ ಹಲಗೆಯಾಗಿ ನಿಂತಿತ್ತು, ಕೈಜಾರಿ ಬಿದ್ದರೂ ಒಡೆಯಲಿಲ್ಲ. ಅಲ್ಲಿ ಈ ಕೆಲಸ ಮಾಡಿದ್ದು ಬೆಳ್ಳಿಯ ಕಣಗಳು.

ಡಿಟಿಎ (ಕಾಯಿಸುವಾಗ ಗಾಜು ಎಷ್ಟು ಡಿಗ್ರಿಯಲ್ಲಿ ಹರಳಾಗುತ್ತದೆ ಅಂತ ತೋರಿಸುವ ಯಂತ್ರ) ಸಿಕ್ಕಿದರೆ ಎರಡೂ ಗಾಜನ್ನು ಒಂದೇ ಗಾತ್ರಕ್ಕೆ ಪುಡಿ ಮಾಡಿ, ಅದೂ ಸ್ವಲ್ಪ ದಪ್ಪಗೆ. ತೀರಾ ನುಣ್ಣಗೆ ಅರೆದರೆ ಎಲ್ಲಾ ಕಡೆ ಮೇಲ್ಮೈಯೇ ಆಗಿ, ಬೀಜದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಯಾವ ಹರಳು ಹುಟ್ಟಿದೆ ಅಂತ ಎಕ್ಸ್-ಕಿರಣದಿಂದ ಗುರುತಿಸುವ ಎಕ್ಸ್‌ಆರ್‌ಡಿಯಲ್ಲಿ (ತಾಮ್ರದ ಟ್ಯೂಬ್ ಇದ್ದರೆ) ಮೆಟಾಸಿಲಿಕೇಟ್ (ಸಿಲಿಕಾ ಕಡಿಮೆ ಇರುವ ಇನ್ನೊಂದು ಲಿಥಿಯಮ್ ಸಿಲಿಕೇಟ್ ಹರಳು) ಶಿಖರವನ್ನು 27 ಡಿಗ್ರಿ (ಇದು ಶಾಖವಲ್ಲ, 2θ ಕೋನ) ಹತ್ತಿರ, ಡೈಸಿಲಿಕೇಟ್‌ನದನ್ನು 24–25ರ ನಡುವೆ ಹುಡುಕಿ.

ಇಷ್ಟಾದ ಮೇಲೆ ಜಿರ್ಕೋನಿಯಾಗೆ ಕೈಹಾಕಿ. ಈ ಗಾಜಿನಲ್ಲಿ ಅದು ದ್ರವವನ್ನು ಸುಲಭವಾಗಿ ಹರಿಯದಷ್ಟು ಮಂದ ಮಾಡಿ ಹರಳಿನ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಒಲೆಯ ಮೇಲಿನ ಗ್ಲಾಸ್-ಸೆರಾಮಿಕ್‌ನಲ್ಲಿ ಟೈಟಾನಿಯಾ ಜೊತೆ ಸೇರಿದ ಅದೇ ಜಿರ್ಕೋನಿಯಾ ಬೀಜವಾಗುತ್ತದೆ. ಹಾಗಾಗಿ ಒಂದು ಗಾಜಿನ ಪಾಠವನ್ನು ಸುಮ್ನೆ ಇನ್ನೊಂದಕ್ಕೆ ಹಚ್ಚಬೇಡಿ, ಅದಕ್ಕೂ ಎರಡು ಬ್ಯಾಚ್ ಬೇರೆಯಾಗಿ ಕರಗಿಸಿ.