ಪುರೋಹಿತರ ಪಾತ್ರ ಬರೆಯುವ ಮುಂಚೆ

ಬೆಂಗಳೂರಿನಲ್ಲಿ 11 ವರ್ಷದಿಂದ ಸೀರಿಯಲ್‌ಗಳಿಗೆ ಡೈಲಾಗ್ ಬರೆಯುತ್ತಿದ್ದೇನೆ. ಅಪ್ಪ ಬಸವನಗುಡಿ ಕಡೆಯ ಒಂದು ಸಣ್ಣ ಗುಡಿಯಲ್ಲಿ ಅರ್ಚಕರು. ಒಂದು ರಾತ್ರಿ ಟಿವಿ ಮುಂದೆ ಕೂತು ಊಟ ಮಾಡುತ್ತಿದ್ದರು. ಮದುವೆ ಸೀನ್. ಡೊಳ್ಳು ಹೊಟ್ಟೆಯ ಪುರೋಹಿತ ಮಂತ್ರದ ಮಧ್ಯೆ ‘ವಡೆ ಎಷ್ಟು ಬೆಂದಿದೆ’ ಅಂತ ವಿಚಾರಿಸುತ್ತಿದ್ದ. ಊಟದ ಮಧ್ಯೆ ಏಳಬಾರದು ಅಂತ ನಮಗೆ ಹೇಳಿಕೊಟ್ಟವರೇ ಅಪ್ಪ. ಅವತ್ತು ಏನೂ ಹೇಳದೆ ಎದ್ದು ಕೈ ತೊಳೆದರು. ಆ ಸೀನ್ ಬರೆದವಳು ನಾನು.

ಅಲ್ಲಿಂದೀಚೆಗೆ ಕಲಿತದ್ದನ್ನು ಹೊಸದಾಗಿ ಬರೆಯುವವರಿಗೆ ಹೇಳುತ್ತಿದ್ದೇನೆ.

ಮೊದಲು ಪಾತ್ರ ಯಾರು ಅಂತ ತೀರ್ಮಾನ ಮಾಡಿ. ‘ಪೂಜಾರಿ ಬರುತ್ತಾರೆ’ ಅಂತ ಬರೆದರೆ ಸಾಲದು. ದೇವಸ್ಥಾನದಲ್ಲಿ ಪೂಜೆ ಮಾಡುವವರು ಅರ್ಚಕರು. ಮದುವೆ, ಗೃಹಪ್ರವೇಶ, ತಿಥಿ ಮಾಡಿಸುವವರು ಪುರೋಹಿತರು. ಲಿಂಗಾಯತರ ಮನೆಯ ಕಥೆಯಾದರೆ ಸಾಮಾನ್ಯವಾಗಿ ಜಂಗಮರು ಬರುತ್ತಾರೆ. ಅವರಲ್ಲಿ ತೀರಿಕೊಂಡವರನ್ನು ಕೂರಿಸಿ ಹೂಳುವುದು ರೂಢಿ, ಚಿತೆಯ ಸೀನ್ ಬರೆಯಬೇಡಿ. ಇದೆಲ್ಲ ಸ್ಕ್ರಿಪ್ಟ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಮೇಕಪ್ ರೂಮಿನಲ್ಲಿ ಒಂದೇ ಹಣೆಗೆ ವಿಭೂತಿಯೂ ಬೀಳುತ್ತದೆ, ಮಾಧ್ವರ ಅಂಗಾರ-ಅಕ್ಷತೆಯೂ ಬೀಳುತ್ತದೆ.

ಆಮೇಲೆ ಅವರ ಕೈಗೆ ಕೆಲಸ ಕೊಡಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೆಲಸ ಇಲ್ಲದೆ ಸುಮ್ನೆ ನಿಂತ ಪುರೋಹಿತರ ಬಾಯಿಗೆ ಒಂದು ಜೋಕ್ ತುರುಕೋಣ ಅನ್ನಿಸುತ್ತದೆ. ನಾನು ಎಡವಿದ್ದೂ ಅಲ್ಲೇ. ಅಪ್ಪ ಬೆಳಗ್ಗೆ 5ಕ್ಕೆ ಬಾಗಿಲು ತೆಗೆಯುತ್ತಾರೆ. ಹಿಂದಿನ ದಿನದ ಹೂವು ತೆಗೆದು ಗರ್ಭಗುಡಿ ತೊಳೆಯುತ್ತಾರೆ. ನೀರಿನ ಕೊಡ ಹೊತ್ತು ಬರುವಾಗ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ, ಮಂಡಿ ನೋವು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ಬಲಗೈ ಹೆಬ್ಬೆರಳಿನ ಪಕ್ಕದ ಚರ್ಮ ಕರ್ಪೂರದ ಬಿಸಿಗೆ ದಪ್ಪಗಾಗಿ ಕಪ್ಪಾಗಿದೆ. ಕ್ಯಾಮೆರಾ ಆ ಬೆರಳನ್ನು ಒಂದು ಸಲ ನೋಡಿದರೆ ಸಾಕು, ಎಷ್ಟೋ ಮಾತು ಬೇಕಾಗುವುದಿಲ್ಲ. ವಾರದ ದಿನ, ಜನ ಕಮ್ಮಿ ಇರುವ ಹೊತ್ತಿಗೆ ನಿಮ್ಮ ಬಡಾವಣೆಯ ಗುಡಿಗೆ ಹೋಗಿ. ಅರ್ಚಕರನ್ನು ಕೇಳಿ, ಮೂಲೆಯಲ್ಲಿ ಕೂತು ನೋಡಿ. ನಟರನ್ನೂ ಕರೆದುಕೊಂಡು ಹೋಗಿ. ಫೋನ್ ಜೇಬಿನಲ್ಲೇ ಇರಲಿ.

ಜನಿವಾರದ ಬಗ್ಗೆ ಎಡಿಟರ್‌ಗೆ ಮೊದಲೇ ಹೇಳಿ. ದೇವರ ಕೆಲಸಕ್ಕೆ ಅದು ಎಡ ಹೆಗಲ ಮೇಲಿರಬೇಕು. ತಿಥಿಯಲ್ಲಿ ಪಿತೃಗಳ ಕೆಲಸಕ್ಕೆ ಮಾತ್ರ ಬಲ ಹೆಗಲಿಗೆ ಹೋಗುತ್ತದೆ. ಸೆಟ್‌ನಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ಎಡಿಟಿಂಗ್‌ನಲ್ಲಿ ಶಾಟ್ ಫ್ಲಿಪ್ ಮಾಡಿದರೆ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ತಿರುಗಿಸಿದರೆ, ತಾಳಿ ಕಟ್ಟುವ ಹೊತ್ತಿನಲ್ಲಿ ಪುರೋಹಿತರು ಪಿಂಡ ಇಡುವವರ ಹಾಗೆ ಕಾಣುತ್ತಾರೆ. ನೋಡುವವರಿಗೆ ಎದೆ ಧಸಕ್ ಅನ್ನುತ್ತದೆ.

ದುಡ್ಡಿನ ವಿಷಯ ಬರೆಯುವುದಾದರೆ ಪೂರ್ತಿ ಬರೆಯಿರಿ. ಸರ್ಕಾರದ ಮುಜರಾಯಿ ಇಲಾಖೆಯ ಗುಡಿಗಳಲ್ಲಿ ಜಾಸ್ತಿ ಇರುವುದು ಸಿ ವರ್ಗದವು, ಅಂದರೆ ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಮ್ಮಿ ಆದಾಯದವು. ದಕ್ಷಿಣೆ ಕೇಳುವ ಅರ್ಚಕರನ್ನು ತೋರಿಸಿ, ಬೇಡ ಅನ್ನುವುದಿಲ್ಲ. ಅವರ ಮನೆಯ ಬಾಡಿಗೆಯನ್ನೂ ತೋರಿಸಿ.

ಟೀಕೆಯೇ ಬೇಡ ಅಂತಲ್ಲ. 1977ರ ‘ಘಟಶ್ರಾದ್ಧ’ ಸಿನಿಮಾ ಒಬ್ಬ ವಿಧವೆಯನ್ನು ಬದುಕಿರುವಾಗಲೇ ಸತ್ತವಳು ಅಂತ ಮಾಡುವ ಆಚಾರವನ್ನು ನೇರವಾಗಿ ತೋರಿಸಿತು. ನಗಿಸುವ ಪುರೋಹಿತರು ಅದಕ್ಕೆ ಬೇಕಾಗಲಿಲ್ಲ. ಆ ಮನೆಯ ಒಳಗು ಗೊತ್ತಿತ್ತು, ಅಷ್ಟೇ.

ಬೇರೆ ಧರ್ಮದವರಿಗೂ ಇದೇ ಶ್ರದ್ಧೆ ಬೇಕು. ನಮ್ಮ ಫಾದರ್‌ಗಳು ತೆರೆಯ ಮೇಲೆ ಯಾಕೆ ಯಾವಾಗಲೂ ಹರಕು ಕನ್ನಡ ಮಾತಾಡುತ್ತಾರೆ? ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಕನ್ನಡದಲ್ಲೂ ಪೂಜೆ ನಡೆಯುತ್ತದೆ. 1894ರಲ್ಲಿ ನಮಗೆ ಅಷ್ಟು ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕೂಡ ಒಬ್ಬ ಪಾದ್ರಿಯೇ ಅಲ್ವಾ? ಪಾಪ ನಿವೇದನೆ ಕೇಳುವಾಗ ಫಾದರ್ ಕೊರಳಲ್ಲಿ ನೇರಳೆ ಬಣ್ಣದ ಪಟ್ಟಿ ಇರುತ್ತದೆ, ಕಾಸ್ಟ್ಯೂಮ್‌ನವರಿಗೆ ಬರೆದುಕೊಡಿ. ಮಸೀದಿಯ ಸೀನ್ ಸಂಜೆಯದಾದರೆ ಯಾವುದೋ ಆಜಾನ್ ರೆಕಾರ್ಡಿಂಗ್ ಹಾಕಬೇಡಿ. ‘ನಿದ್ದೆಗಿಂತ ನಮಾಜು ಮೇಲು’ ಎಂಬ ಸಾಲು ಬೆಳಗಿನ ಜಾವದ ಆಜಾನ್‌ನಲ್ಲಿ ಮಾತ್ರ ಬರುತ್ತದೆ. ಗೊತ್ತಿರುವವರು ಕೇಳಿದ ತಕ್ಷಣ ಹಿಡಿಯುತ್ತಾರೆ.

ಕೊನೆಗೆ, ಶೂಟಿಂಗ್‌ಗೆ ಮುಂಚೆ ಆ ಕೆಲಸ ಮಾಡುವವರೊಬ್ಬರಿಗೆ ಸೀನ್ ಓದಿ ಹೇಳಿ. ನಾನು ಈಗ ಅಪ್ಪನಿಗೆ ಓದುತ್ತೇನೆ. ಹೋದ ತಿಂಗಳು ಮಂಗಳಾರತಿ ತಟ್ಟೆ ಹಿಡಿದ ಅರ್ಚಕರು ನಾಯಕಿಗೆ ಧೈರ್ಯ ಹೇಳುವ ಸೀನ್ ಓದಿದೆ. ಎಂಟು ಸಾಲಿನ ಮಾತು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. “ಇಷ್ಟು ಹೊತ್ತು ಮಾತಾಡಿದರೆ ಕರ್ಪೂರ ಆರಿಹೋಗುತ್ತೆ ಕಣಮ್ಮ” ಅಂದರು. ಎರಡು ಸಾಲು ಉಳಿಸಿಕೊಂಡೆ.